ಅಮೆರಿಕದ ವಂಶಶೋಧನೆಯಲ್ಲಿ ಉಯಿಲೂ ಭೂಪತ್ರವೂ

ಇತಿಹಾಸವೆಂದೊಡನೆ ನಮ್ಮ ಮನಸ್ಸು ಅರಸರ ಕಡೆಗೂ ಕಾಳಗಗಳ ಕಡೆಗೂ ಓಡುತ್ತದೆ. ಅರಸನ ಹೆಸರನ್ನು ಕಲ್ಲು ಹೇಳುತ್ತದೆ, ನಾಣ್ಯ ಹೇಳುತ್ತದೆ, ಆಸ್ಥಾನದ ಕವಿ ಹೇಳುತ್ತಾನೆ. ಆದರೆ ಮುನ್ನೂರು ವರ್ಷಗಳ ಹಿಂದೆ ಕಾಡು ಕಡಿದು ಹೊಲ ಮಾಡಿದ ಒಬ್ಬ ಸಾಮಾನ್ಯ ರೈತನು ಈ ಭೂಮಿಯ ಮೇಲೆ ಬದುಕಿದ್ದನೆಂಬುದಕ್ಕೆ ಸಾಕ್ಷಿಯನ್ನು ಎಲ್ಲಿ ಹುಡುಕುವುದು? ಅವನ ಹೆಂಡತಿ ಯಾರು, ಮಕ್ಕಳೆಷ್ಟು, ಅವನು ಯಾವ ಊರಿನಿಂದ ಬಂದವನು ಎಂಬುದನ್ನು ಯಾರನ್ನು ಕೇಳುವುದು?

ಈ ಪ್ರಶ್ನೆಯನ್ನು ಅಮೆರಿಕದ ಜನ ಬಹು ಶ್ರದ್ಧೆಯಿಂದ ಕೇಳಿಕೊಂಡಿದ್ದಾರೆ. ಸಮುದ್ರ ದಾಟಿ ಹೊಸ ನಾಡಿಗೆ ಬಂದವರ ಸಂತತಿಗೆ ತಮ್ಮ ಮೂಲವನ್ನು ತಿಳಿಯುವ ಹಂಬಲ ಹೆಚ್ಚಾಗಿರುವುದು ಸಹಜವೇ ಸರಿ. ೧೬೦೭ರಲ್ಲಿ ವರ್ಜೀನಿಯದ ಜೇಮ್ಸ್‌ಟೌನಿನಲ್ಲಿಯೂ ೧೬೨೦ರಲ್ಲಿ ಉತ್ತರದ ಪ್ಲಿಮತ್ತಿನಲ್ಲಿಯೂ ಇಂಗ್ಲಿಷರು ನೆಲೆಯೂರಿದರು. ಅಲ್ಲಿಂದ ೧೭೭೬ರ ಸ್ವಾತಂತ್ರ್ಯ ಘೋಷಣೆಯವರೆಗಿನ ಕಾಲವನ್ನು ವಸಾಹತು ಕಾಲವೆನ್ನುತ್ತಾರೆ. ಈ ಕಾಲದ ಪೂರ್ವಿಕರನ್ನು ಪತ್ತೆಹಚ್ಚುವ ಬಗೆಯನ್ನು ಕುರಿತು ಓದುತ್ತ ಹೋದಂತೆ ಒಂದು ವಿಚಾರ ನನ್ನ ಮನಸ್ಸನ್ನು ಬಲವಾಗಿ ಹಿಡಿಯಿತು. ಅಲ್ಲಿ ಮನುಷ್ಯನು ಸಿಕ್ಕುವುದು ಅವನು ಬದುಕಿದ್ದನೆಂಬ ಕಾರಣಕ್ಕಲ್ಲ. ಅವನಿಗೆ ಆಸ್ತಿಯಿತ್ತೆಂಬ ಕಾರಣಕ್ಕೆ. ಈ ಒಂದು ಮಾತಿನಲ್ಲಿ ಆ ಶೋಧನೆಯ ಶಕ್ತಿಯೂ ಇದೆ, ಅದರ ಕ್ರೌರ್ಯವೂ ಇದೆ. ಅದನ್ನು ನನ್ನ ಸಹಪಾಠಿಗಳ ಮುಂದೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು, ಬೇರೆ ದಾಖಲೆಗಳು ಏಕೆ ಸಾಲವು ಎಂಬುದನ್ನು ನೋಡೋಣ. ಸಂಯುಕ್ತ ಸಂಸ್ಥಾನಗಳ ಮೊದಲ ಜನಗಣತಿ ನಡೆದದ್ದು ೧೭೯೦ರಲ್ಲಿ. ಅದರಲ್ಲಿಯೂ ಹೆಸರು ಬರೆದಿರುವುದು ಮನೆಯ ಯಜಮಾನನದು ಮಾತ್ರ. ಉಳಿದವರು ಬರಿಯ ಸಂಖ್ಯೆಗಳು. ಸ್ವತಂತ್ರ ಪ್ರಜೆಗಳೆಲ್ಲರ ಹೆಸರೂ ಗಣತಿಯಲ್ಲಿ ಬಂದದ್ದು ೧೮೫೦ರಲ್ಲಿ. ಜನನ ಮರಣಗಳ ವಿಚಾರಕ್ಕೆ ಬಂದರೆ, ಮ್ಯಾಸಚೂಸೆಟ್ಸ್ ವಸಾಹತು ೧೬೩೯ರಲ್ಲಿಯೇ ಜನನ, ವಿವಾಹ, ಮರಣಗಳನ್ನು ಬರೆದಿಡಬೇಕೆಂದು ವಿಧಿಸಿತು. ಆದುದರಿಂದ ಅಲ್ಲಿನ ಊರುಗಳ ಪುಸ್ತಕಗಳು ಸಾಕಷ್ಟು ಉಪಕಾರಿಯಾಗಿವೆ. ವರ್ಜೀನಿಯದಲ್ಲಿ ಈ ಕೆಲಸ ಚರ್ಚುಗಳ ಪಾಲಿಗೆ ಬಂದಿತ್ತು. ಆ ಚರ್ಚುಗಳ ಪುಸ್ತಕಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ಹೀಗಿರುವಲ್ಲಿ ಶೋಧಕನಿಗೆ ಆಧಾರವಾಗಿ ನಿಲ್ಲುವುದು ಎರಡೇ: ಸಾಯುವವನು ಬರೆಸಿದ ಉಯಿಲು, ಬದುಕಿರುವವನು ಬರೆಸಿದ ಭೂಪತ್ರ.

ಜನರು ಚರ್ಚಿನ ಪುಸ್ತಕವನ್ನು ಮರೆತರೂ ಜಮೀನಿನ ಪತ್ರವನ್ನು ಮರೆಯುವುದಿಲ್ಲ. ಏಕೆಂದರೆ ಅದನ್ನು ಕಳೆದುಕೊಂಡರೆ ನೆಲವೇ ಹೋಗುತ್ತದೆ. ಆದುದರಿಂದ ನ್ಯಾಯಸ್ಥಾನದ ಗುಮಾಸ್ತನು ಪ್ರತಿಯೊಂದು ಉಯಿಲನ್ನೂ ಕ್ರಯಪತ್ರವನ್ನೂ ದೊಡ್ಡ ಪುಸ್ತಕಗಳಲ್ಲಿ ನಕಲು ಮಾಡಿ ಇಡುತ್ತಿದ್ದನು. ವರ್ಜೀನಿಯದ ಪೂರ್ವತೀರದಲ್ಲಿರುವ ನಾರ್ತಾಂಪ್ಟನ್ ಕೌಂಟಿಯಲ್ಲಿ ೧೬೩೨ರಿಂದ ಇಂತಹ ಪುಸ್ತಕಗಳು ಎಡೆಬಿಡದೆ ಉಳಿದು ಬಂದಿವೆ.

ಉಯಿಲಿನ ಕಥೆಯನ್ನು ಮೊದಲು ಹೇಳುತ್ತೇನೆ. ಆ ಕಾಲದ ಮನುಷ್ಯನು ಸಾಮಾನ್ಯವಾಗಿ ಕಾಯಿಲೆ ಬಿದ್ದಾಗಲೇ ಉಯಿಲು ಬರೆಸುತ್ತಿದ್ದನು. ತನ್ನ ಆತ್ಮವನ್ನು ದೇವರಿಗೂ ದೇಹವನ್ನು ಮಣ್ಣಿಗೂ ಒಪ್ಪಿಸಿದ ಮೇಲೆ ಲೌಕಿಕ ವಿಚಾರ ಆರಂಭವಾಗುವುದು: ಹಿರಿಯ ಮಗನಿಗೆ ಈ ಹೊಲ, ಕಿರಿಯವನಿಗೆ ಆ ಕುದುರೆ, ಮಗಳಿಗೆ ಒಂದು ಗರಿಯ ಹಾಸಿಗೆ, ಹೆಂಡತಿಗೆ ಅವಳು ಬದುಕಿರುವವರೆಗೆ ಮನೆ. ಅವನು ಸತ್ತ ಮೇಲೆ ಸಾಕ್ಷಿಗಳು ನ್ಯಾಯಸ್ಥಾನಕ್ಕೆ ಬಂದು ಪ್ರಮಾಣ ಮಾಡುವರು, ಉಯಿಲು ಸ್ಥಿರಪಡುವುದು. ಬರೆದ ದಿನ, ಸ್ಥಿರಪಟ್ಟ ದಿನ, ಈ ಎರಡರ ನಡುವೆ ಅವನು ಸತ್ತನೆಂದು ನಾವು ತಿಳಿಯಬಹುದು. ಅನಂತರ ನೆರೆಹೊರೆಯ ಮೂರು ನಾಲ್ಕು ಮಂದಿ ಮನೆಗೆ ಹೋಗಿ ಚರಾಸ್ತಿಯನ್ನೆಲ್ಲ ಎಣಿಸಿ ಬೆಲೆ ಕಟ್ಟುವರು. ಕಬ್ಬಿಣದ ಬಾಣಲೆ, ಹಳೆಯ ತಡಿ, ಎರಡು ಹಸು, ಒಂದು ಬೈಬಲ್ ಎಂದು ಸಾಗುವ ಆ ಪಟ್ಟಿಯನ್ನು ಓದುವಾಗ ಸತ್ತವನ ಮನೆಯೊಳಗೆ ನಾವೇ ಹೊಕ್ಕಂತಾಗುತ್ತದೆ. ಮಕ್ಕಳು ಚಿಕ್ಕವರಾಗಿದ್ದರೆ ಪಾಲಕರನ್ನು ನೇಮಿಸಿದ ಪತ್ರವೂ ಇರುತ್ತದೆ. ಹದಿನಾಲ್ಕು ವರ್ಷವಾದ ಮಗು ತನ್ನ ಪಾಲಕನನ್ನು ತಾನೇ ಆರಿಸಿಕೊಳ್ಳಬಹುದಾಗಿತ್ತು; ಇಪ್ಪತ್ತೊಂದು ತುಂಬಿದ ಮೇಲೆ ಜಮೀನು ಮಾರಬಹುದಾಗಿತ್ತು. ಹೀಗೆ ಹುಟ್ಟಿದ ವರ್ಷ ಎಲ್ಲಿಯೂ ಬರೆದಿಲ್ಲವಾದರೂ, ಪಾಲಕನನ್ನು ಆರಿಸಿದ ದಿನ, ಮೊದಲ ಕ್ರಯಪತ್ರಕ್ಕೆ ರುಜು ಹಾಕಿದ ದಿನ, ಇವುಗಳಿಂದ ವಯಸ್ಸನ್ನು ಲೆಕ್ಕ ಹಾಕಬಹುದು.

ಆದರೆ ಉಯಿಲನ್ನು ಇಂದಿನ ಮಾತಿನ ಅರ್ಥದಲ್ಲಿ ಓದಿದರೆ ಮೋಸ ಹೋಗುವುದು ಖಂಡಿತ. ನಮ್ಮಲ್ಲಿ ಅಳಿಯನೆಂದರೆ ಮಗಳ ಗಂಡನೂ ಹೌದು, ಸೋದರಿಯ ಮಗನೂ ಹೌದು. ಆ ಕಾಲದ ಇಂಗ್ಲಿಷಿನಲ್ಲಿಯೂ ಇಂತಹ ತೊಡಕುಗಳಿದ್ದುವು. ‘ಸನ್ ಇನ್ ಲಾ’ ಎಂದರೆ ಎಷ್ಟೋ ಸಲ ಹೆಂಡತಿಯ ಮೊದಲ ಮದುವೆಯ ಮಗ, ಎಂದರೆ ಮಲಮಗ. ‘ಕಸಿನ್’ ಎಂದರೆ ಸೋದರನ ಮಗನೋ ಮಗಳೋ ಆಗಿರಬಹುದು. ಒಂದೇ ಹೆಸರಿನ ಇಬ್ಬರನ್ನು ಸೀನಿಯರ್, ಜೂನಿಯರ್ ಎಂದು ಕರೆದಿದ್ದರೆ ಅವರು ತಂದೆ ಮಕ್ಕಳೆಂದೇ ಭಾವಿಸಬೇಕಾಗಿಲ್ಲ. ಒಂದು ಊರಿನಲ್ಲಿ ಹಿರಿಯವನನ್ನೂ ಕಿರಿಯವನನ್ನೂ ಬೇರೆಬೇರೆಯಾಗಿ ಗುರುತಿಸಲು ಹಾಗೆ ಹೇಳುತ್ತಿದ್ದರು. ಉಯಿಲಿನಲ್ಲಿ ಹೆಸರಿಲ್ಲದ ಮಗನು ಇರಲೇ ಇಲ್ಲವೆಂದು ತೀರ್ಮಾನಿಸುವುದೂ ತಪ್ಪು. ವರ್ಜೀನಿಯದಲ್ಲಿ ಉಯಿಲಿಲ್ಲದೆ ಸತ್ತವನ ನೆಲವೆಲ್ಲ ಹಿರಿಯ ಮಗನಿಗೇ ಸೇರಬೇಕೆಂಬ ಕಾನೂನು ೧೭೮೫ರವರೆಗೆ ಇತ್ತು. ಹೇಗೂ ತನಗೆ ಬರುವ ನೆಲವನ್ನು ತಂದೆಯು ಪ್ರತ್ಯೇಕವಾಗಿ ಬರೆಯದಿದ್ದರೆ ಆಶ್ಚರ್ಯವೇನು? ಮೊದಲೇ ಪಾಲು ಪಡೆದು ಬೇರೆ ಹೋದ ಮಕ್ಕಳನ್ನು ಕೂಡ ಎಷ್ಟೋ ತಂದೆಯರು ಉಯಿಲಿನಲ್ಲಿ ಹೆಸರಿಸಲಿಲ್ಲ.

ತಾರೀಖಿನ ತೊಡಕು ಇನ್ನೊಂದು. ೧೭೫೨ರವರೆಗೆ ಇಂಗ್ಲೆಂಡಿನಲ್ಲಿಯೂ ಅದರ ವಸಾಹತುಗಳಲ್ಲಿಯೂ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ ೨೫ರಂದು. ಆದುದರಿಂದ ಹಳೆಯ ಲೆಕ್ಕದ ೧೭೩೧ನೆಯ ಫೆಬ್ರವರಿ ನಮ್ಮ ಲೆಕ್ಕಕ್ಕೆ ೧೭೩೨ನೆಯ ಫೆಬ್ರವರಿ. ಆ ವರ್ಷ ಸೆಪ್ಟೆಂಬರ್ ೨ರ ಮರುದಿನವನ್ನು ೧೪ ಎಂದು ಎಣಿಸಿ ಪಂಚಾಂಗವನ್ನು ಸರಿಪಡಿಸಿದರು. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ ೧೭೩೧ರ ಫೆಬ್ರವರಿ ೧೧. ನಾವು ಓದುವುದು ೧೭೩೨ರ ಫೆಬ್ರವರಿ ೨೨. ಇದನ್ನರಿಯದ ಶೋಧಕನು, ತಂದೆ ಉಯಿಲು ಬರೆಯುವ ಮೊದಲೇ ಸತ್ತನೆಂದು ಕಂಡು ಬೆರಗಾಗಬೇಕಾಗುತ್ತದೆ!

ಇನ್ನು ಭೂಪತ್ರಗಳು. ವರ್ಜೀನಿಯದಲ್ಲಿ ನೆಲ ಬೇಕಾದಷ್ಟಿತ್ತು, ದುಡಿಯುವ ಕೈಗಳಿರಲಿಲ್ಲ. ಆದುದರಿಂದ ೧೬೧೮ರಲ್ಲಿ ಒಂದು ಏರ್ಪಾಡು ಬಂದಿತು. ಯಾರೇ ಆಗಲಿ ಹಡಗಿನ ಖರ್ಚು ಕೊಟ್ಟು ಒಬ್ಬನನ್ನು ಕರೆತಂದರೆ, ತಲೆಗೆ ಐವತ್ತು ಎಕರೆಯಂತೆ ನೆಲಕ್ಕೆ ಹಕ್ಕುದಾರರಾಗುವರು. ಇದಕ್ಕೆ ‘ಹೆಡ್‌ರೈಟ್’ ಎಂದು ಹೆಸರು. ನೆಲದ ಪಟ್ಟಾ ಪಡೆಯುವಾಗ ಕರೆತಂದವರ ಹೆಸರುಗಳನ್ನು ಕೊಡಬೇಕಾಗಿತ್ತು. ಬೇರೆ ಎಲ್ಲಿಯೂ ಹೆಸರು ಉಳಿಯದಿದ್ದ ಎಷ್ಟೋ ಬಡ ಕೂಲಿಯಾಳುಗಳು ಮತ್ತೊಬ್ಬರ ಪಟ್ಟಾದ ಅಡಿಯಲ್ಲಿ ಹೀಗೆ ಉಳಿದುಕೊಂಡಿದ್ದಾರೆ. ಈ ಪಟ್ಟಾಗಳ ಸಾರವನ್ನು ನೆಲ್ ನೂಜೆಂಟ್ ಎಂಬ ಮಹಿಳೆ ಸಂಗ್ರಹಿಸಿ ೧೯೩೪ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದರು. ಆದರೆ ಇಲ್ಲಿಯೂ ಎಚ್ಚರ ಬೇಕು. ಹಕ್ಕನ್ನು ಮಾರುವುದೂ ಕೊಳ್ಳುವುದೂ ನಡೆಯುತ್ತಿತ್ತು. ವರ್ಷಗಳ ಮೇಲೆ ಪಟ್ಟಾ ಪಡೆದವರೂ ಇದ್ದರು. ಆದುದರಿಂದ ಪಟ್ಟಾದ ವರ್ಷವೇ ಹಡಗಿಳಿದ ವರ್ಷವೆಂದು ಹೇಳಲಾಗದು.

ಪಟ್ಟಾ ಪಡೆದವನು ಐವತ್ತು ಎಕರೆಗೆ ವರ್ಷಕ್ಕೆ ಒಂದು ಶಿಲ್ಲಿಂಗಿನಂತೆ ಕಂದಾಯ ಕೊಡಬೇಕಾಗಿತ್ತು. ಹೀಗೆ ಕಂದಾಯ ಕೊಡಬೇಕಾದವರ ೧೭೦೪ರ ಪಟ್ಟಿಯು, ಉತ್ತರದ ಕೆಲವು ಕೌಂಟಿಗಳನ್ನು ಬಿಟ್ಟರೆ, ಇಡೀ ವಸಾಹತಿನ ಭೂಮಾಲೀಕರನ್ನು ಒಂದೆಡೆ ತೋರಿಸುತ್ತದೆ. ನೆಲದ ಎಲ್ಲೆಯನ್ನು ವರ್ಣಿಸುವ ಕ್ರಮವಂತೂ ನಮ್ಮ ಕ್ರಯಪತ್ರಗಳ ಚಕ್ಕುಬಂದಿಯನ್ನು ಓದಿದವರಿಗೆ ಹೊಸದಲ್ಲ. ಹಳ್ಳದ ಬಾಯಲ್ಲಿರುವ ಗುರುತು ಹಾಕಿದ ಓಕ್ ಮರದಿಂದ ಹೊರಟು, ಉತ್ತರಕ್ಕೆ ಇಷ್ಟು ಪೋಲು, ಅಲ್ಲಿಂದ ಇಂಥವನ ಹೊಲದ ಮೂಲೆಗೆ, ಎಂದು ಅದು ಸಾಗುತ್ತದೆ. ಒಂದು ಪೋಲೆಂದರೆ ಹದಿನಾರೂವರೆ ಅಡಿ. ನಾಲ್ಕು ಪೋಲಿಗೆ ಒಂದು ಸರಪಳಿ, ಎಂದರೆ ೬೬ ಅಡಿ. ಇದನ್ನು ೧೬೨೦ರಲ್ಲಿ ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞನು ರೂಪಿಸಿದನು. ಅದರ ಅರ್ಧ ೩೩ ಅಡಿ. ಮೂವತ್ತಮೂರು ಅಡಿಯ ಚೌಕವೇ ನಮ್ಮ ಗುಂಟೆ. ಅಂತಹ ನಲವತ್ತು ಸೇರಿದರೆ ಒಂದು ಎಕರೆ. ವರ್ಜೀನಿಯದ ಕಾಡನ್ನು ಅಳೆದ ಮಾನವೂ ನಮ್ಮ ರೈತನ ಗದ್ದೆಯನ್ನು ಅಳೆದ ಮಾನವೂ ಹೀಗೆ ಒಂದೇ ಬುಡದವು.

ಈ ಎಲ್ಲೆಯ ವರ್ಣನೆಯಲ್ಲಿ ಶೋಧಕನಿಗೆ ಬೇಕಾದದ್ದು ನೆರೆಯವನ ಹೆಸರು. ಮದುವೆಗಳು ನಡೆಯುತ್ತಿದ್ದುದು ಬಹುಮಟ್ಟಿಗೆ ನೆರೆಹೊರೆಯಲ್ಲಿಯೇ. ಒಂದೇ ಹೆಸರಿನ ಇಬ್ಬರಿದ್ದರೆ ಅವರನ್ನು ಬೇರ್ಪಡಿಸುವುದೂ ನೆಲವೇ. ಮನುಷ್ಯನ ಹೆಸರು ಹತ್ತು ಮಂದಿಗೆ ಇರಬಹುದು, ಅದೇ ಹಳ್ಳದ ದಂಡೆಯ ಅದೇ ಮುನ್ನೂರು ಎಕರೆ ಹತ್ತು ಮಂದಿಗಿರುವುದಿಲ್ಲ. ಆದುದರಿಂದ ಅನುಭವಸ್ಥರು ಹೇಳುವ ಸೂತ್ರ ಇದು: ಪ್ರತಿಯೊಂದು ತುಂಡು ನೆಲವೂ ಅವನ ಕೈಗೆ ಹೇಗೆ ಬಂದಿತು, ಅವನ ಕೈಯಿಂದ ಹೇಗೆ ಹೋಯಿತು ಎಂಬೆರಡನ್ನೂ ಕೇಳು. ಕೊಂಡ ಪತ್ರವಿಲ್ಲದೆ ಮಾರಿದ ಪತ್ರವಿದ್ದರೆ ಅದು ಪಿತ್ರಾರ್ಜಿತವಾಗಿರಬಹುದು, ಇಲ್ಲವೆ ಹೆಂಡತಿಯ ಕಡೆಯಿಂದ ಬಂದಿರಬಹುದು.

ಇದಕ್ಕೆ ಒಂದು ಉದಾಹರಣೆಯನ್ನು ಎಲ್ಲರೂ ಬಲ್ಲ ಮನೆತನದಿಂದಲೇ ತೆಗೆದುಕೊಳ್ಳೋಣ. ಪೊಟೊಮಾಕ್ ನದಿಯ ದಂಡೆಯ ಮೌಂಟ್ ವರ್ನನ್ ಎಸ್ಟೇಟು ವಾಷಿಂಗ್ಟನ್ನನದೆಂದು ನಾವೆಲ್ಲ ಓದಿದ್ದೇವೆ. ಅದು ಅವನಿಗೆ ಬಂದದ್ದು ಹೇಗೆ? ೧೬೭೪ರಲ್ಲಿ ಅವನ ಮುತ್ತಜ್ಜ ಜಾನ್ ವಾಷಿಂಗ್ಟನ್ ಮತ್ತು ನಿಕೊಲಾಸ್ ಸ್ಪೆನ್ಸರ್ ಎಂಬವರಿಗೆ ಒಟ್ಟಾಗಿ ಅಲ್ಲಿ ಐದು ಸಾವಿರ ಎಕರೆ ದೊರೆಯಿತು. ಜಾನನ ಪಾಲು ಅವನ ಉಯಿಲಿನ ಪ್ರಕಾರ ಮಗ ಲಾರೆನ್ಸನಿಗೆ ಹೋಯಿತು. ೧೬೯೮ರಲ್ಲಿ ಸತ್ತ ಲಾರೆನ್ಸನು ಅದನ್ನು ಮಗಳು ಮಿಲ್‌ಡ್ರೆಡ್ಡಳಿಗೆ ಬರೆದನು. ೧೭೨೬ರಲ್ಲಿ ಅವಳೂ ಅವಳ ಗಂಡ ರೋಜರ್ ಗ್ರೆಗರಿಯೂ ಸೇರಿ ಅದನ್ನು ಅವಳ ಅಣ್ಣ ಅಗಸ್ಟೀನನಿಗೆ ಮಾರಿದರು. ಅಗಸ್ಟೀನನು ಅದನ್ನು ತನ್ನ ಮೊದಲ ಹೆಂಡತಿಯ ಮಗ ಲಾರೆನ್ಸನಿಗೆ ಕೊಟ್ಟನು. ಈ ಲಾರೆನ್ಸನು ೧೭೫೨ರಲ್ಲಿ ಸತ್ತನು. ಅವನ ವಿಧವೆಯ ಜೀವಮಾನದ ಹಕ್ಕು ೧೭೬೧ರಲ್ಲಿ ಮುಗಿದ ಮೇಲೆ, ಲಾರೆನ್ಸನ ಉಯಿಲಿನ ಪ್ರಕಾರ ನೆಲವು ಅಗಸ್ಟೀನನ ಎರಡನೆಯ ಹೆಂಡತಿಯ ಮಗನಾದ ಜಾರ್ಜನಿಗೆ ಸೇರಿತು. ಒಂದು ತುಂಡು ನೆಲವನ್ನು ಹಿಂಬಾಲಿಸಿದುದರಿಂದ ನಾಲ್ಕು ತಲೆಮಾರು ಸಿಕ್ಕಿದಂತಾಯಿತು. ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ೧೭೨೬ರ ಪತ್ರದಲ್ಲಿ ಅವಳು ಮಿಲ್‌ಡ್ರೆಡ್ ಗ್ರೆಗರಿ. ತಂದೆಯ ಉಯಿಲು ಇಲ್ಲದೆ ಹೋಗಿದ್ದರೆ ಅವಳು ವಾಷಿಂಗ್ಟನ್ ಮನೆತನದ ಹೆಣ್ಣೆಂದು ತಿಳಿಯುವುದು ಎಷ್ಟು ಕಷ್ಟವಾಗುತ್ತಿತ್ತು! ಮದುವೆಯಾದ ಹೆಣ್ಣಿನ ಹೆಸರು ಗಂಡನ ಹೆಸರಿನಲ್ಲಿ ಕರಗಿಹೋಗುತ್ತಿದ್ದ ಕಾಲದಲ್ಲಿ, ತಂದೆಯ ಉಯಿಲೊಂದೇ ಎಷ್ಟೋ ವೇಳೆ ಅವಳನ್ನು ತೌರಿಗೆ ಸೇರಿಸುವ ಸೇತುವೆ.

ಸಮುದ್ರದಾಚೆಯ ಮೂಲವನ್ನು ಹುಡುಕಿದ ಕಥೆ ಇದಕ್ಕಿಂತಲೂ ರಮ್ಯವಾಗಿದೆ. ೧೭೯೧ರಲ್ಲಿ ಇಂಗ್ಲೆಂಡಿನ ವಂಶಲಾಂಛನಾಧಿಕಾರಿ ಸರ್ ಐಸಾಕ್ ಹರ್ಡ್ ಎಂಬವರು ರಾಷ್ಟ್ರಾಧ್ಯಕ್ಷನಾಗಿದ್ದ ವಾಷಿಂಗ್ಟನ್ನನಿಗೆ ಪತ್ರ ಬರೆದು ವಂಶದ ವಿವರ ಕೇಳಿದರು. ತಾನು ಈ ವಿಚಾರಕ್ಕೆ ಹೆಚ್ಚು ಗಮನ ಕೊಟ್ಟವನಲ್ಲವೆಂದೂ, ಮೊದಲು ಬಂದ ಹಿರಿಯನು ಉತ್ತರ ಇಂಗ್ಲೆಂಡಿನವನೆಂದು ಮನೆಯ ಹಿರಿಯರು ಹೇಳಿದ್ದನ್ನು ಕೇಳಿರುವೆನೆಂದೂ ಅವನು ೧೭೯೨ರಲ್ಲಿ ಉತ್ತರ ಕೊಟ್ಟನು. ಹರ್ಡ್ ಅವರು, ಸಲ್‌ಗ್ರೇವ್ ಮನೆತನದಲ್ಲಿ ಜಾನ್, ಲಾರೆನ್ಸ್ ಎಂಬ ಸೋದರರಿದ್ದುದನ್ನು ಕಂಡು, ಅವರೇ ವರ್ಜೀನಿಯಕ್ಕೆ ಬಂದವರಿರಬೇಕೆಂದು ಊಹಿಸಿದರು. ಹೆಸರು ಹೊಂದಿತು, ಕಾಲವೂ ಹೊಂದಿದಂತೆ ಕಂಡಿತು. ಎಪ್ಪತ್ತು ವರ್ಷಕ್ಕೂ ಮಿಕ್ಕಿ ಲೋಕ ಅದನ್ನು ನಂಬಿತು. ೧೮೬೬ರಲ್ಲಿ ಜೋಸೆಫ್ ಚೆಸ್ಟರ್ ಎಂಬ ವಿದ್ವಾಂಸನು ಅದನ್ನು ಮುರಿದನು. ಆ ಜಾನನು ಸರ್ ಪದವಿ ಪಡೆದು ಇಂಗ್ಲೆಂಡಿನಲ್ಲಿಯೇ ಉಳಿದವನೆಂದೂ, ಆ ಲಾರೆನ್ಸನು ಪಾದ್ರಿಯಾದವನೆಂದೂ ತೋರಿಸಿಕೊಟ್ಟನು. ಹಾಗಾದರೆ ವರ್ಜೀನಿಯಕ್ಕೆ ಬಂದ ಸೋದರರು ಯಾರು?

ಬಾಸ್ಟನ್ನಿನ ವಂಶಶೋಧನ ಸಂಘವು ೧೮೮೩ರಲ್ಲಿ ಹೆನ್ರಿ ವಾಟರ್ಸ್ ಎಂಬವನನ್ನು ಇಂಗ್ಲೆಂಡಿಗೆ ಕಳುಹಿಸಿತು. ಅವನು ವರ್ಷಗಟ್ಟಲೆ ಹಳೆಯ ಉಯಿಲುಗಳನ್ನು ಒಂದೊಂದಾಗಿ ಓದಿದನು. ಹರ್ಟ್‌ಫರ್ಡ್‌ಷೈರಿನ ಟ್ರಿಂಗ್ ಎಂಬ ಊರಿನ ಆಂಡ್ರ್ಯೂ ನೋಲಿಂಗ್ ಎಂಬ ಮುದುಕನ ಉಯಿಲು ಅವನಿಗೆ ಸಿಕ್ಕಿತು. ಅದು ನಮ್ಮ ಲೆಕ್ಕದಲ್ಲಿ ೧೬೫೦ರ ಜನವರಿಯದು. ಅದರಲ್ಲಿ ಮುದುಕನು ತನ್ನ ನೆಲವನ್ನು ಧರ್ಮಪುತ್ರನಾದ ಲಾರೆನ್ಸ್ ವಾಷಿಂಗ್ಟನ್ನನಿಗೆ ಬರೆದಿದ್ದನು. ಆ ಹುಡುಗನ ತಾಯಿ ಆಂಫಿಲಿಸಳನ್ನು ‘ಡಾಟರ್ ಇನ್ ಲಾ’ ಎಂದು ಕರೆದಿದ್ದನು. ಎಂದರೆ ಸೊಸೆಯಲ್ಲ, ಮಲಮಗಳು. ಅವಳ ಇತರ ಮಕ್ಕಳಾದ ಜಾನ್, ವಿಲಿಯಂ, ಎಲಿಜಬೆತ್, ಮಾರ್ಗರೆಟ್, ಮಾರ್ತಾ ಇವರಿಗೂ ತಲಾ ಇಷ್ಟು ಹಣವೆಂದು ಬರೆದಿದ್ದನು. ೧೬೫೬ರಲ್ಲಿ ಆಂಫಿಲಿಸಳ ಆಸ್ತಿಯ ಆಡಳಿತವನ್ನು ನ್ಯಾಯಸ್ಥಾನವು ಅವಳ ಮಗ ಜಾನನಿಗೆ ಒಪ್ಪಿಸಿತು. ಮರುವರ್ಷವೇ ವರ್ಜೀನಿಯದಲ್ಲಿ ಜಾನ್ ವಾಷಿಂಗ್ಟನ್ ಕಾಣಿಸಿಕೊಳ್ಳುತ್ತಾನೆ.

ಈಗ ಸಮುದ್ರದ ಈಚೆಯ ಕಾಗದಗಳನ್ನು ನೋಡಿ. ವರ್ಜೀನಿಯದ ಜಾನನು ೧೬೭೫ರಲ್ಲಿ ಬರೆಸಿದ ಉಯಿಲಿನಲ್ಲಿ, ತನ್ನ ಖರ್ಚಿನಲ್ಲಿ ಈ ನಾಡಿಗೆ ಬಂದ ತಂಗಿ ಮಾರ್ತಾಳಿಗೆ ಹತ್ತು ಪೌಂಡನ್ನೂ ನಾಲ್ಕು ಸಾವಿರ ಪೌಂಡು ತೂಕದ ಹೊಗೆಸೊಪ್ಪನ್ನೂ ಬಿಟ್ಟಿದ್ದಾನೆ. ಆ ಮಾರ್ತಾ ಮದುವೆಯಾಗಿ ಮಾರ್ತಾ ಹೇವರ್ಡ್ ಆದಳು. ಅವಳು ೧೬೯೭ರಲ್ಲಿ ಬರೆಸಿದ ಉಯಿಲಿನಲ್ಲಿ ಇಂಗ್ಲೆಂಡಿನಲ್ಲಿರುವ ತನ್ನ ಅಕ್ಕಂದಿರನ್ನು ನೆನೆದಿದ್ದಾಳೆ: ಒಬ್ಬಳು ಎಲಿಜಬೆತ್, ಇನ್ನೊಬ್ಬಳು ಮಾರ್ಗರೆಟ್. ಟ್ರಿಂಗಿನ ಮುದುಕನ ಉಯಿಲಿನ ಮಕ್ಕಳೂ ವರ್ಜೀನಿಯದ ವಿಧವೆಯ ಉಯಿಲಿನ ಒಡಹುಟ್ಟಿದವರೂ ಒಬ್ಬರಿಗೊಬ್ಬರು ಸರಿಹೊಂದಿದರು. ಬಂದವರ ತಂದೆ ಯಾರೆಂದರೆ, ಹರ್ಡ್ ಅವರು ಬಂದವನೇ ಎಂದು ಊಹಿಸಿದ್ದ ಆ ಪಾದ್ರಿ ಲಾರೆನ್ಸನೇ! ಊಹೆಯು ಒಂದು ತಲೆಮಾರು ತಪ್ಪಿತ್ತು. ವಾಟರ್ಸನು ತನ್ನ ಶೋಧನೆಯನ್ನು ೧೮೮೯ರಲ್ಲಿ ಪ್ರಕಟಿಸಿದನು. ಹಿರಿಯರು ಉತ್ತರದಿಂದ ಬಂದರೆಂಬ ಮನೆಯ ಮಾತೂ ನಿಲ್ಲಲಿಲ್ಲ. ಟ್ರಿಂಗ್ ಇರುವುದು ಲಂಡನ್ನಿಗೆ ಸಮೀಪದಲ್ಲಿ. ರಾಷ್ಟ್ರಾಧ್ಯಕ್ಷನಿಗೆ ತಿಳಿಯದಿದ್ದುದನ್ನು ಒಬ್ಬ ಮುದುಕನ ಆಸ್ತಿ ಹಂಚಿಕೆಯೂ ಒಬ್ಬ ವಿಧವೆಯ ಅಕ್ಕರೆಯೂ ತಿಳಿಸಿಕೊಟ್ಟವು.

ಇಷ್ಟಕ್ಕೇ ನಿಂತರೆ ಈ ಶೋಧನೆ ಒಂದು ಜಾಣ ಒಗಟಿನಂತೆ ತೋರಬಹುದು. ಆದರೆ ಇದೇ ಮನೆತನದ ಕಾಗದಗಳಲ್ಲಿ ಇನ್ನೊಂದು ಸಾಲು ಉಂಟು. ಅಗಸ್ಟೀನನು ೧೭೪೩ರಲ್ಲಿ ಸತ್ತಾಗ ಹನ್ನೊಂದು ವರ್ಷದ ಜಾರ್ಜನಿಗೆ ಉಯಿಲಿನಿಂದ ಒಂದು ಹೊಲಮನೆ ಬಂದಿತು. ಅದರೊಡನೆ ಹತ್ತು ಮಂದಿ ಗುಲಾಮರೂ ಬಂದರು. ಬಾಣಲೆ, ಹಸು, ಹಾಸಿಗೆಗಳ ಪಟ್ಟಿಯಲ್ಲಿ ಮನುಷ್ಯರು ಸೇರಿದ್ದಾರೆ. ಒಂದು ಹೆಸರು, ಅದರ ಮುಂದೆ ಒಂದು ಬೆಲೆ. ವರ್ಜೀನಿಯದ ೧೬೬೨ರ ಕಾನೂನಿನ ಪ್ರಕಾರ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸುತ್ತಿತ್ತು. ಗುಲಾಮಳ ಮಗು ಗುಲಾಮ. ಆದುದರಿಂದ ಪಟ್ಟಿ ಮಾಡುವವನು ತಾಯಿಯ ಹೆಸರಿನ ಪಕ್ಕದಲ್ಲಿ ಅವಳ ಮಕ್ಕಳನ್ನು ಬರೆಯುವನು. ತಂದೆಯ ಹೆಸರನ್ನು ಬರೆಯುವ ಅಗತ್ಯ ಅವನಿಗೆ ಕಾಣುತ್ತಿರಲಿಲ್ಲ. ಗುಲಾಮಗಿರಿ ಹೋದ ಮೇಲೆ ಈ ಜನರೆಲ್ಲರ ಹೆಸರುಗಳು ಜನಗಣತಿಯಲ್ಲಿ ಬಂದದ್ದು ೧೮೭೦ರಲ್ಲಿ. ೧೮೫೦, ೧೮೬೦ರ ಗಣತಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ ಇಷ್ಟೇ. ಹೆಸರುಗಳು ಬಹುತೇಕ ಇಲ್ಲ. ಆದುದರಿಂದ ಇಂದಿನ ಕರಿಯ ಅಮೆರಿಕನ್ನನು ತನ್ನ ಅಜ್ಜನ ಅಜ್ಜನನ್ನು ಹುಡುಕಬೇಕಾದರೆ ಮೊದಲು ಅವನ ಒಡೆಯನನ್ನು ಹುಡುಕಬೇಕು. ಆ ಒಡೆಯನ ಉಯಿಲು, ಆಸ್ತಿ ಪಟ್ಟಿ, ಕ್ರಯಪತ್ರಗಳನ್ನು ಓದಬೇಕು. ತನ್ನ ಹಿರಿಯರನ್ನು ಅವರನ್ನು ಕೊಂಡವನ ಲೆಕ್ಕದ ಪುಸ್ತಕದಲ್ಲಿ ಕಾಣಬೇಕಾದ ಆ ಓದು ಎಷ್ಟು ಕಠಿನವಾದುದೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಒಂದು ನಿದರ್ಶನ. ವಾಷಿಂಗ್ಟನ್ನನೊಡನೆ ಸ್ವಾತಂತ್ರ್ಯಯುದ್ಧದ ಉದ್ದಕ್ಕೂ ಕುದುರೆಯ ಮೇಲೆ ಹೋದ ವಿಲಿಯಂ ಲೀ ಎಂಬ ಸೇವಕನನ್ನು ಅವನು ೧೭೬೮ರಲ್ಲಿ ಲೀ ಮನೆತನದ ಎಸ್ಟೇಟಿನ ಮಾರಾಟದಲ್ಲಿ ಕೊಂಡಿದ್ದನು. ಲೀ ಎಂಬುದು ಹಿಂದಿನ ಒಡೆಯರ ಹೆಸರು. ೧೭೯೯ರ ಜುಲೈನಲ್ಲಿ ಬರೆದ ಉಯಿಲಿನಲ್ಲಿ ವಾಷಿಂಗ್ಟನ್ನನು ಈ ವಿಲಿಯಮನಿಗೆ ಕೂಡಲೇ ಬಿಡುಗಡೆಯನ್ನೂ ವರ್ಷಕ್ಕೆ ಮೂವತ್ತು ಡಾಲರುಗಳನ್ನೂ ಕೊಟ್ಟನು. ತನ್ನ ಇತರ ಗುಲಾಮರಿಗೆ ಹೆಂಡತಿಯ ಮರಣಾನಂತರ ಬಿಡುಗಡೆಯಾಗಬೇಕೆಂದು ವಿಧಿಸಿದನು. ಅದೇ ವರ್ಷ ಅವನು ಮಾಡಿದ ಪಟ್ಟಿಯಲ್ಲಿ ಮೌಂಟ್ ವರ್ನನ್ನಿನ ೩೧೭ ಗುಲಾಮರ ಹೆಸರುಗಳಿವೆ. ಮದುವೆಯಾದವರ ಗಂಡ ಅಥವಾ ಹೆಂಡತಿ ಯಾರು, ಎಲ್ಲಿರುವರು ಎಂಬುದನ್ನು ಸಹ ಬರೆದಿದ್ದಾನೆ. ಅವರಲ್ಲಿ ಅವನ ಸ್ವಂತದವರು ೧೨೩ ಮಂದಿ. ಉಳಿದವರಲ್ಲಿ ಕೆಲವರು ನೆರೆಯವರಿಂದ ಬಾಡಿಗೆಗೆ ತಂದವರು. ೧೫೩ ಮಂದಿ ಹೆಂಡತಿ ಮಾರ್ತಾಳ ಮೊದಲ ಗಂಡನ ಎಸ್ಟೇಟಿನವರು.

ಈ ೧೫೩ ಮಂದಿಯ ವಿಚಾರವನ್ನು ಓದಿದಾಗ ನನ್ನ ಮನಸ್ಸು ಮರುಗಿತು. ಮಾರ್ತಾಳ ಮೊದಲ ಗಂಡ ಡೇನಿಯಲ್ ಕಸ್ಟಿಸನು ೧೭೫೭ರಲ್ಲಿ ಉಯಿಲು ಬರೆಯದೆ ಸತ್ತನು. ಉಯಿಲಿಲ್ಲದಿದ್ದರೆ ವಿಧವೆಗೆ ಮೂರರಲ್ಲೊಂದು ಪಾಲು, ಅದೂ ಅವಳ ಜೀವಮಾನಕ್ಕೆ ಮಾತ್ರ. ಆಮೇಲೆ ಅದು ಕಸ್ಟಿಸನ ವಾರಸುದಾರರಿಗೆ ಹೋಗಬೇಕು. ಆದುದರಿಂದ ಅವರನ್ನು ಬಿಡುಗಡೆ ಮಾಡುವ ಅಧಿಕಾರ ವಾಷಿಂಗ್ಟನ್ನನಿಗೂ ಇರಲಿಲ್ಲ, ಮಾರ್ತಾಳಿಗೂ ಇರಲಿಲ್ಲ. ವಾಷಿಂಗ್ಟನ್ನನ ಸ್ವಂತದವರನ್ನು ಮಾರ್ತಾ ೧೮೦೧ರ ಜನವರಿ ೧ರಂದೇ ಬಿಡುಗಡೆ ಮಾಡಿದಳು. ೧೮೦೨ರಲ್ಲಿ ಅವಳು ಸತ್ತಾಗ ಕಸ್ಟಿಸ್ ಪಾಲಿನವರನ್ನು ನಾಲ್ವರು ಮೊಮ್ಮಕ್ಕಳಿಗೆ ಹಂಚಿದರು. ಎರಡು ಕಡೆಯವರೂ ವರ್ಷಗಳಿಂದ ಒಂದೆಡೆ ದುಡಿದು, ತಮ್ಮೊಳಗೆ ಮದುವೆಯಾಗಿ, ಮಕ್ಕಳನ್ನು ಪಡೆದಿದ್ದರು. ಗಂಡನು ಸ್ವತಂತ್ರನಾದ, ಹೆಂಡತಿಯೂ ಮಕ್ಕಳೂ ಬೇರೆ ಬೇರೆ ಎಸ್ಟೇಟುಗಳ ಪಾಲಾದರು, ಇಂತಹ ಮನೆಗಳು ಅಲ್ಲಿದ್ದವು. ನಲವತ್ತೈದು ವರ್ಷಗಳ ಹಿಂದೆ ಸತ್ತವನ ಆಸ್ತಿಯನ್ನು ಕಾನೂನು ಹೇಗೆ ಎಣಿಸಿತೋ ಹಾಗೆಯೇ ಆ ಸಂಸಾರಗಳು ಒಡೆದುಹೋದವು. ವಂಶಾವಳಿಯ ಒಂದು ಕೊಂಬೆ ಎಲ್ಲಿ ಮುರಿಯಿತೆಂದು ತೋರಿಸುವ ಕಾಗದವೇ ಅದನ್ನು ಮುರಿದ ಕಾಗದವೂ ಆಗಿದೆ.

ಇಂತಹ ಹುಡುಕಾಟದಲ್ಲಿ ಹಂಬಲವು ಆಧಾರವನ್ನು ಮೀರಿಹೋಗುವ ಅಪಾಯವೂ ಇದೆ. ಅಲೆಕ್ಸ್ ಹೇಲಿಯ ‘ರೂಟ್ಸ್’ ೧೯೭೬ರಲ್ಲಿ ಹೊರಬಂದು ಲೋಕಪ್ರಸಿದ್ಧವಾಯಿತು. ಅದರಲ್ಲಿ ೧೭೬೭ರಲ್ಲಿ ಆಫ್ರಿಕದಿಂದ ಹಡಗಿನಲ್ಲಿ ತಂದವನೇ ವಾಲರ್ ಮನೆತನದ ಟೋಬಿ ಎಂಬ ಗುಲಾಮನೆಂದು ಹೇಳಿದೆ. ಗ್ಯಾರಿ ಮಿಲ್ಸ್, ಎಲಿಜಬೆತ್ ಮಿಲ್ಸ್ ದಂಪತಿಗಳು ವರ್ಜೀನಿಯದ ದಾಖಲೆಗಳನ್ನು ಪರಿಶೀಲಿಸಿ, ಆ ಹಡಗು ಬರುವುದಕ್ಕೆ ವರ್ಷಗಳ ಮೊದಲೇ ಟೋಬಿಯು ವಾಲರ್ ಮನೆತನದಲ್ಲಿದ್ದನೆಂದು ೧೯೮೧ರಲ್ಲಿ ತೋರಿಸಿದರು. ಇದರಿಂದ ಹೇಲಿಯ ಪುಸ್ತಕವು ಒಂದು ಜನಾಂಗದ ನೋವಿಗೆ ಕೊಟ್ಟ ಮಾತು ಸುಳ್ಳಾಗಲಿಲ್ಲ. ಆದರೆ ಒಬ್ಬ ಮನುಷ್ಯನ ವಂಶವೆಂಬ ಮಾತು ನಿಲ್ಲಲಿಲ್ಲ. ರಾಷ್ಟ್ರಾಧ್ಯಕ್ಷನ ವಂಶಕ್ಕೆ ಹರ್ಡ್ ಅವರ ಊಹೆ ಸಾಲದಾದಂತೆ, ಗುಲಾಮನ ವಂಶಕ್ಕೂ ಊಹೆ ಸಾಲದು. ಇಬ್ಬರಿಗೂ ಒಂದೇ ತಕ್ಕಡಿಯಲ್ಲಿ ತೂಗುವುದೇ ನಿಜವಾದ ಗೌರವವೆಂದು ನನಗನ್ನಿಸುತ್ತದೆ.

ಕಾಗದಗಳೂ ಅಮರವಲ್ಲ. ಅಂತರ್ಯುದ್ಧದ ಕಾಲದಲ್ಲಿ ವರ್ಜೀನಿಯದ ಹಲವು ಕೌಂಟಿಗಳು ತಮ್ಮ ಪುಸ್ತಕಗಳನ್ನು ಸುರಕ್ಷಿತವಾಗಿರಲೆಂದು ರಾಜಧಾನಿ ರಿಚ್‌ಮಂಡಿಗೆ ಕಳುಹಿಸಿದವು. ೧೮೬೫ರ ಏಪ್ರಿಲಿನಲ್ಲಿ ಆ ನಗರಕ್ಕೆ ಬೆಂಕಿ ಬಿದ್ದಾಗ ಅವು ಸುಟ್ಟುಹೋದವು. ಜೇಮ್ಸ್‌ಟೌನ್ ಇದ್ದ ಜೇಮ್ಸ್ ಸಿಟಿ ಕೌಂಟಿಯ ಹಳೆಯ ಪುಸ್ತಕಗಳೂ ಹೀಗೆಯೇ ಹೋದವು. ಆದರೂ ನೆಲದ ಪಟ್ಟಾಗಳು ಬೇರೆಡೆ ಉಳಿದವು. ನೆರೆಯ ಕೌಂಟಿಯ ಪತ್ರಗಳು, ಇಂಗ್ಲೆಂಡಿನಲ್ಲಿ ಸ್ಥಿರಪಟ್ಟ ಉಯಿಲುಗಳು ಎಷ್ಟೋ ಕಡೆ ಕೊರತೆಯನ್ನು ತುಂಬುತ್ತವೆ. ಈಗಂತೂ ಈ ಪುಸ್ತಕಗಳ ಎಷ್ಟೋ ಹಾಳೆಗಳ ಚಿತ್ರಗಳನ್ನು ಕಂಪ್ಯೂಟರಿನ ಮುಂದೆ ಕುಳಿತು ನೋಡಬಹುದು. ವಾಟರ್ಸನು ವರ್ಷಗಟ್ಟಲೆ ಹುಡುಕಿದುದನ್ನು ಇಂದಿನವರು ಕೆಲವು ದಿನಗಳಲ್ಲಿ ತೆರೆದು ನೋಡಿಯಾರು. ಆದರೆ ತೆರೆಯುವುದು ಸುಲಭವಾಯಿತೆಂದು ಓದುವುದು ಸುಲಭವಾಗಲಿಲ್ಲ.

ಉಯಿಲಾಗಲಿ ಭೂಪತ್ರವಾಗಲಿ ವಂಶವನ್ನು ತಿಳಿಸಬೇಕೆಂದು ಬರೆದದ್ದಲ್ಲ. ಅದು ಸೊತ್ತನ್ನು ಕಾಯಲು ಬರೆದದ್ದು. ಸೊತ್ತುಳ್ಳವನನ್ನು ಅದು ಹೆಸರಿಟ್ಟು ಕರೆಯುತ್ತದೆ. ಹೆಂಗಸನ್ನು ಗಂಡನ ನೆರಳಿನಲ್ಲಿ ನಿಲ್ಲಿಸುತ್ತದೆ. ಕೂಲಿಯವನನ್ನು ಐವತ್ತು ಎಕರೆಯ ಲೆಕ್ಕಕ್ಕೆ ಸೇರಿಸುತ್ತದೆ. ಗುಲಾಮನನ್ನು ಸೊತ್ತೆಂದೇ ಬರೆಯುತ್ತದೆ. ಆದುದರಿಂದ ಇತಿಹಾಸದ ವಿದ್ಯಾರ್ಥಿಗಳಾದ ನಾವು ಒಂದು ದಾಖಲೆಯನ್ನು ಕೈಗೆತ್ತಿಕೊಂಡಾಗ, ಇದು ಏನು ಹೇಳುತ್ತದೆ ಎಂದು ಕೇಳುವುದರ ಜೊತೆಗೆ, ಇದನ್ನು ಯಾರು ಯಾವುದಕ್ಕಾಗಿ ಬರೆಸಿದರು, ಯಾರ ಹೆಸರನ್ನು ಬರೆಯುವ ಅಗತ್ಯ ಅವರಿಗೆ ತೋರಲಿಲ್ಲ ಎಂಬುದನ್ನೂ ಕೇಳಬೇಕು. ಆ ಬರೆಯದ ಹೆಸರಿಗೂ ಒಂದು ತಾಯಿಯಿದ್ದಳು, ಒಂದು ಮನೆಯಿತ್ತು ಎಂಬುದನ್ನು ಮರೆಯದೆ ಓದುವವನಿಗೆ ಮಾತ್ರ ಹಳೆಯ ಕಾಗದ ತನ್ನ ಪೂರ್ಣಾರ್ಥವನ್ನು ಬಿಟ್ಟುಕೊಡುತ್ತದೆ.